ಗಿಟಾರಿನ ಮುಖದ ಮೇಲಿನ ಅಲೆ



ಕ್ರಿಸ್ಮಸ್ ಸಮಯದಲ್ಲಿ ನಾವು ಮನೆಮನೆಗೆ ಬಂದು ಕ್ಯಾರಲ್ ಹಾಡಿದ್ದು ನಿಮಗೆ ನೆನಪಿರಬೇಕು. ನೀವು ಕೊಟ್ಟ ಹಣದಲ್ಲಿ ನಮ್ಮ ಗಾನವೃಂದಕ್ಕೆ ಒಂದು ಎಲೆಕ್ಟ್ರಿಕ್ ಗಿಟಾರ್ ತರುವುದಾಗಿ ಆಗಲೇ ಹೇಳಿದ್ದೆವು. ಗಿಟಾರ್ ನುಡಿಸಬೇಕಾದ ಹುಡುಗ ಆ ಹೊತ್ತಿಗೆ ಊರಿನಲ್ಲಿರಲಿಲ್ಲ. ಅಪ್ಪ, ಅವ್ವನ ಜೊತೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹೋಗಿದ್ದ. ಹಂಗಾಮು ಮುಗಿಸಿ ದರಿಬಡಚಿಗೆ ವಾಪಸು ಬಂದವನೇ ನನ್ನ ಹತ್ತಿರ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ.

"ಅಣ್ಣಾ, ಇದರ ಮಾರಿ ನೋಡ್ರಿ. ಬೆಂಕಿ ಹತ್ತಿದಂಗ ಹೊಳಿತೈತಿ. ಇದನ್ನ ತರೂಣು. ಇಂಥಾ ಕಟ್ಟಿಗಿ ಇದ್ರ ಧ್ವನಿನೂ ಚಲೋ ಬರತೈತಂತ."

ಜೇನುಬಣ್ಣದ ಮೈ, ಅದರ ಮೇಲೆ ಹುಲಿಯ ಪಟ್ಟೆಯಂಥ ಗೆರೆಗಳು. ನಾವು ನೋಡಿಟ್ಟಿದ್ದ ಸಾದಾ ಕಪ್ಪು ಗಿಟಾರಿಗಿಂತ ಇದರ ಬೆಲೆ ನಾಲ್ಕು ಸಾವಿರ ಹೆಚ್ಚು. "ಕಡಿಮಿ ಬಿದ್ದರ ನನ್ನ ಕಬ್ಬಿನ ದುಡ್ಡಿನ್ಯಾಗ ಎರಡು ಸಾವಿರ ನಾನ ಹಾಕತೀನಿ" ಅಂದ.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬಿಎಸ್ಸಿ ಮೊದಲ ವರ್ಷದಲ್ಲಿ ನಾನೂ ಇಂಥದ್ದೇ ಪಟ್ಟೆ ನೋಡಿ ಒಂದು ಗಿಟಾರ್ ಕೊಂಡಿದ್ದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬೆಲ್ಟು ಸಿಕ್ಕಿಸುವ ಜಾಗದಲ್ಲಿ ಮುಖದ ಅಂಚು ಎದ್ದು ಬಂತು. ಉಗುರಿನಿಂದ ಎಳೆದರೆ ಕ್ಯಾಲೆಂಡರಿನ ಹಾಳೆಯ ಹಾಗೆ ಸುಲಿದುಕೊಂಡಿತು. ಕೆಳಗಿದ್ದದ್ದು ಪ್ಲೈವುಡ್. ಆ ಹುಲಿಪಟ್ಟೆ ಮರದ್ದಲ್ಲ, ಮರದ ಫೋಟೋ.

ಕಬ್ಬು ಕಡಿದು ಬಂದ ಹಣ ಎಂಥದ್ದೆಂದು ನಮ್ಮ ಜತ್ ತಾಲೂಕಿನವರಿಗೆ ಹೇಳಬೇಕಾಗಿಲ್ಲ. ಅದರಲ್ಲಿ ಒಂದು ರೂಪಾಯಿಯನ್ನಾದರೂ ಹಾಕುವ ಮೊದಲು ಈ ಪಟ್ಟೆಯ ಕಥೆ ಏನು, ಜನ ಅದಕ್ಕೆ ಯಾವಾಗಿನಿಂದ ಮರುಳಾದರು, ಧ್ವನಿಗೂ ಅದಕ್ಕೂ ಸಂಬಂಧ ಇದೆಯೇ ಎಂದು ತಿಳಿದುಕೊಳ್ಳಬೇಕು ಅನಿಸಿತು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಣ ನಿಮ್ಮೆಲ್ಲರದ್ದು, ಆದ್ದರಿಂದ ಲೆಕ್ಕವೂ ನಿಮಗೆ ಸಲ್ಲಬೇಕು.

ಬಡಿಗೇರ ಕಾಕಾ ತೋರಿಸಿದ ಹಲಗಿ

ಮೊದಲು ಹೋದದ್ದು ಬಡಿಗೇರ ಕಾಕಾನ ಹತ್ತಿರ. ಚಿತ್ರ ತೋರಿಸಿದೆ. ಅವರು ನಕ್ಕು ಮೂಲೆಯಿಂದ ಒಂದು ಮಾವಿನ ತುಂಡು ತಂದರು. ಬಿರುಗಾಳಿಗೆ ಬಿದ್ದ ಮರದ ಕವಲಿನಿಂದ ಕೊಯ್ದದ್ದು. ಒಣಗಿದಾಗ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕೈಯಿಂದ ಸ್ವಲ್ಪ ನೀರು ಸವರಿದರು, ಅಷ್ಟೇ. ಮೈಯೆಲ್ಲ ಅಲೆ ಎದ್ದಿತು.

"ಇದು ಬಾಗಿಲಕ್ಕ ಬರೂದಿಲ್ಲ. ರಂದಾ ಹೊಡದ್ರ ಹರಕೊಂಡು ಏಳತೈತಿ. ನಾವು ಇಂಥಾದ್ದನ್ನ ಒಲೀಗೆ ಹಾಕತೀವಿ" ಅಂದರು.

ಅವರು ಹೇಳಿದ್ದರಲ್ಲೇ ಅರ್ಧ ವಿಜ್ಞಾನ ಇದೆ. ಮರವೆಂದರೆ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಸಾಮಾನ್ಯವಾಗಿ ಅವು ಬುಡದಿಂದ ತುದಿಗೆ ನೆಟ್ಟಗೆ ಹೋಗುತ್ತವೆ. ಕೆಲವು ಮರಗಳಲ್ಲಿ, ಅಥವಾ ಮರದ ಕೆಲವು ಭಾಗಗಳಲ್ಲಿ, ಅವು ಹಾವಿನ ಹಾಗೆ ಬಳುಕುತ್ತ ಏರುತ್ತವೆ. ಅಂಥ ಮರವನ್ನು ಕೊಯ್ದಾಗ ಒಂದು ಕಡೆ ಕೊಳವೆಯ ಪಕ್ಕ ಮೇಲಕ್ಕೆ ಬರುತ್ತದೆ, ಮಗ್ಗುಲಲ್ಲೇ ಕೊಳವೆಯ ಬಾಯಿ ಮೇಲಕ್ಕೆ ಬರುತ್ತದೆ. ಪಕ್ಕಕ್ಕೆ ಬಿದ್ದ ಬೆಳಕು ತಿರುಗಿ ಹೊಳೆಯುತ್ತದೆ, ಬಾಯಿಗೆ ಬಿದ್ದ ಬೆಳಕು ಒಳಗೇ ಉಳಿಯುತ್ತದೆ. ಅದಕ್ಕೇ ಬೆಳಗುವ ಗೆರೆ, ಕಪ್ಪು ಗೆರೆ. ಹಲಗಿಯನ್ನು ಸ್ವಲ್ಪ ವಾಲಿಸಿದರೆ ಬೆಳಕಿನ ಕೋನ ಬದಲಾಗಿ ಕಪ್ಪಿದ್ದದ್ದು ಬೆಳಗುತ್ತದೆ, ಬೆಳಗಿದ್ದದ್ದು ಕಪ್ಪಾಗುತ್ತದೆ. ರೇಷ್ಮೆ ಸೀರೆಯ ಮಡಿಕೆ ಹೊಳೆಯುವುದೂ ಸುಮಾರು ಹೀಗೆಯೇ.

ಈ ಒಂದು ಮಾತನ್ನು ನೆನಪಿನಲ್ಲಿಡಿ: ನಿಜವಾದ ಅಲೆ ಬೆಳಕಿನ ಜೊತೆ ಚಲಿಸುತ್ತದೆ. ಕೊನೆಗೆ ಇದೇ ನಮ್ಮ ಕೈ ಹಿಡಿಯಿತು.

ನಾರು ಬಳುಕಿದ ಮರ ನೆಟ್ಟನೆಯ ಮರದಷ್ಟು ಗಟ್ಟಿಯಲ್ಲ. ಬೇಗ ಸೊಟ್ಟಗಾಗುತ್ತದೆ. ಉಪಕರಣಕ್ಕೆ ಬಗ್ಗುವುದಿಲ್ಲ. ಬಡಿಗನ ಲೆಕ್ಕದಲ್ಲಿ ಅದು ದೋಷ. ಹಾಗಿದ್ದರೆ ಒಲೆಗೆ ಹೋಗುತ್ತಿದ್ದ ಮರ ವಾದ್ಯದ ಮುಖಕ್ಕೆ ಏರಿದ್ದು ಹೇಗೆ?

ಹಿಂದೆ ಅಲೆ ಇದ್ದದ್ದು ಬೆನ್ನಿನಲ್ಲಿ

ಗಿಟಾರ್ ಕಂಪನಿಗಳಿಗಿಂತ ಬಹಳ ಮೊದಲೇ ಅಲೆಯ ಮರವನ್ನು ಪ್ರೀತಿಸಿದವರು ಪಿಟೀಲು ಮಾಡುವವರು. ಇಟಲಿಯ ಕ್ರೆಮೋನಾ ಊರಿನ ಅಮಾತಿ ಮನೆತನ, ಗ್ವಾರ್ನೇರಿ ಮನೆತನ, 1737ರಲ್ಲಿ ತೀರಿಕೊಂಡ ಆಂತೋನಿಯೋ ಸ್ಟ್ರಾಡಿವಾರಿ ಇವರೆಲ್ಲ ಮೇಪಲ್ ಮರದ ಅಲೆಯನ್ನು ಹುಡುಕಿ ತರುತ್ತಿದ್ದರು. ಆದರೆ ಅದನ್ನು ಹಾಕಿದ್ದು ಎಲ್ಲಿ? ಪಿಟೀಲಿನ ಬೆನ್ನಿಗೆ ಮತ್ತು ಪಕ್ಕಗಳಿಗೆ. ಜನರ ಕಡೆಗಿರುವ ಮುಂಭಾಗಕ್ಕೆ ಸ್ಪ್ರೂಸ್ ಎಂಬ ಸಾದಾ, ನೆಟ್ಟನೆಯ ಎಳೆಯ, ಹಗುರಾದ ಮರ.

ಕಾರಣ ಸರಳ. ಪಿಟೀಲಿನ ತಂತಿ ತಾನೊಂದೇ ಹೆಚ್ಚು ಸದ್ದು ಮಾಡಲಾರದು. ತಂತಿಯ ಕಂಪನ ಕುದುರೆಯ ಮೂಲಕ ಮುಂದಿನ ಹಲಗೆಗೆ ಇಳಿದು, ಆ ಹಲಗೆ ಅದುರಿ, ಗಾಳಿಯನ್ನು ಅದುರಿಸಿದಾಗ ನಮಗೆ ಕೇಳುತ್ತದೆ. ಹಾಗಾಗಿ ಮುಂದಿನ ಹಲಗೆ ದುಡಿಯುವ ಹಲಗೆ. ಅದು ಹಗುರವಾಗಿರಬೇಕು, ಎಳೆಯ ಉದ್ದಕ್ಕೆ ಬಿಗಿಯಾಗಿರಬೇಕು. ಅಲ್ಲಿ ಅಲಂಕಾರಕ್ಕೆ ಜಾಗವಿಲ್ಲ. ತಂತಿಯ ಅಕೌಸ್ಟಿಕ್ ಗಿಟಾರಿನಲ್ಲೂ ಇದೇ ನಿಯಮ. ಮುಖಕ್ಕೆ ಸ್ಪ್ರೂಸ್ ಅಥವಾ ಸೀಡರ್, ಚೆಂದದ ಮರವೆಲ್ಲ ಬೆನ್ನಿಗೆ.

ಇದನ್ನು ಅರ್ಥ ಮಾಡಿಕೊಳ್ಳಲು ನಾವು ಇಟಲಿಗೆ ಹೋಗಬೇಕಿಲ್ಲ. ನಮ್ಮದೇ ಸಾಂಗ್ಲಿ ಜಿಲ್ಲೆಯ ಮಿರಜಿಗೆ ಹೋದರೆ ಸಾಕು.

ಮಿರಜ ಎಂದರೆ ನಮ್ಮ ಕಡೆಯ ಹಿರಿಯರಿಗೆ ಮೊದಲು ನೆನಪಾಗುವುದು 1894ರಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಶುರು ಮಾಡಿದ ಮಿಷನ್ ಆಸ್ಪತ್ರೆ. ಸಂಗೀತಗಾರರಿಗೆ ನೆನಪಾಗುವುದು ಸಿತಾರ್ ಮತ್ತು ತಂಬೂರಿ. ಈ ಕಸುಬು ಅಲ್ಲಿ ಬೇರೂರಿದ್ದು 1850ರ ಆಸುಪಾಸಿನಲ್ಲಿ. ಶಿಕಲಗಾರ ಮನೆತನದವರು ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುವವರು. ಸಂಸ್ಥಾನಗಳ ಯುದ್ಧಗಳು ನಿಂತವು, ಆಯುಧದ ಕೆಲಸವೂ ನಿಂತಿತು. ಆಗ ಫರೀದಸಾಹೇಬ ಶಿಕಲಗಾರ ಅದೇ ಕೈಗಳಿಂದ ತಂತಿವಾದ್ಯ ಮಾಡಲು ಕಲಿತರು. ಮಿರಜಿನ ಪಟವರ್ಧನ ಸಂಸ್ಥಾನಿಕರು ಸಂಗೀತಕ್ಕೆ ಆಶ್ರಯ ಕೊಟ್ಟಿದ್ದರು. ಮುಂದೆ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಕನ್ನಡ ನಾಡಿನ ಹಿಂದುಸ್ತಾನಿ ಸಂಗೀತದ ಬೇರು ನಮ್ಮ ಜಿಲ್ಲೆಯಲ್ಲೂ ಇದೆ ಎಂದು ಇದರಿಂದ ತಿಳಿಯುತ್ತದೆ. 2024ರಲ್ಲಿ ಮಿರಜ ಸಿತಾರ್ ಮತ್ತು ಮಿರಜ ತಂಬೂರಿಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು.

ಅಲ್ಲಿನವರು ಸಾಮಾನು ಆರಿಸುವ ರೀತಿ ನೋಡಿ. ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿ ನಮ್ಮ ತಾಲೂಕಿಗೆ ಹೊಂದಿಕೊಂಡ ಮಂಗಳವೇಢೆ ಕಡೆಯ ಹೊಲಗಳಿಂದ ಬರುತ್ತದೆ. ಮರ ಕರ್ನಾಟಕದ ಕಾಡುಗಳಿಂದ. ಹೆಚ್ಚಾಗಿ ಬಳಸುವುದು ತುಣ ಎಂಬ ಕೆಂಪು ಛಾಯೆಯ ಹಗುರಾದ ಮರ. ಬುರುಡೆಯ ಬಾಯಿ ಮುಚ್ಚುವ ತೆಳು ಹಲಗೆಗೆ ತಬಲಿ ಎನ್ನುತ್ತಾರೆ. ಪಿಟೀಲಿನ ಮುಖದ ಹಾಗೆ ಇದು ದುಡಿಯುವ ಹಲಗೆ. ಗಂಟಿಲ್ಲದ, ಚೆನ್ನಾಗಿ ಒಣಗಿದ, ಸಮನಾದ ಎಳೆಯ ಮರ ಬೇಕು. ಚೆಂದ ಬೇಕಿದ್ದರೆ ಅಂಚಿಗೆ ಕೆತ್ತನೆ ಮಾಡುತ್ತಾರೆ, ಬಳ್ಳಿ, ಎಲೆಗಳ ಚಿತ್ತಾರದ ಪಟ್ಟಿ ಕೂರಿಸುತ್ತಾರೆ. ಅಂದರೆ ಚೆಂದವನ್ನು ಕೈಯಿಂದ ಮಾಡುತ್ತಾರೆ, ಮರವನ್ನು ಧ್ವನಿಗಾಗಿ ಆರಿಸುತ್ತಾರೆ. ತಂಬೂರಿಯ ಝೇಂಕಾರ ಬರುವುದು ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಅರೆದು ಹದ ಮಾಡುವ ಜವಾರಿ ಕೆಲಸದಿಂದ. ನೋಡುವವರ ಕಣ್ಣಿಗೆ ಅದು ಕಾಣುವುದೂ ಇಲ್ಲ.

ಬಿಎಸ್ಸಿ ಓದಿದ ನನಗೆ ಖುಷಿ ಕೊಟ್ಟ ಒಂದು ಸಂಗತಿ: ತುಣ, ಗಿಟಾರಿಗೆ ಬಳಸುವ ಮಹಾಗನಿ, ನಮ್ಮ ಅಂಗಳದ ಬೇವು, ಮೂರೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬದವು. ಮೀಲಿಯೇಸಿ ಎಂದು ಅದರ ಹೆಸರು. ಮಿರಜಿನ ಸಿತಾರೂ ಅಮೆರಿಕದ ಗಿಟಾರೂ ನಮ್ಮ ಬೇವಿನ ಕಟ್ಟೆಗೆ ದೂರದ ನೆಂಟರು.

ವಿದ್ಯುತ್ ಬಂತು, ಮುಖಕ್ಕೆ ಬಿಡುವು ಸಿಕ್ಕಿತು

ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೆಲಸದ ಹಂಚಿಕೆ ಬೇರೆ. ತಂತಿಗಳ ಕೆಳಗೆ ಪಿಕಪ್ ಎಂಬ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ಅದುರಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮವೇ ಇದು, ನಾವು ಹನ್ನೆರಡನೇ ತರಗತಿಯಲ್ಲಿ ಓದಿದ್ದು. ಆ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಇಲ್ಲಿ ಹಲಗೆ ಗಾಳಿಯನ್ನು ಅದುರಿಸುವ ಅಗತ್ಯವೇ ಇಲ್ಲ.

ಎಷ್ಟರಮಟ್ಟಿಗೆ ಇಲ್ಲವೆಂದರೆ, 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರಿನ ಮೈಯಲ್ಲಿ ಮರವೇ ಇರಲಿಲ್ಲ. ಅದು ಎರಕ ಹೊಯ್ದ ಅಲ್ಯೂಮಿನಿಯಂ. ತೊಡೆಯ ಮೇಲಿಟ್ಟು ನುಡಿಸುವ ಆ ವಾದ್ಯ ಬಾಣಲೆಯ ಹಾಗೆ ಕಾಣುತ್ತಿದ್ದುದರಿಂದ ಜನ ಅದನ್ನು ಫ್ರೈಯಿಂಗ್ ಪ್ಯಾನ್ ಎಂದೇ ಕರೆದರು.

1940ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಲೆಸ್ ಪಾಲ್ ಎಂಬ ವಾದಕ ಇನ್ನೊಂದು ಪ್ರಯೋಗ ಮಾಡಿದ. ಒಂದು ಪೈನ್ ಮರದ ತೊಲೆಯ ತುಂಡು ತೆಗೆದುಕೊಂಡು ಅದಕ್ಕೆ ಗಿಟಾರಿನ ಕತ್ತು, ತಂತಿ, ಪಿಕಪ್ ಜೋಡಿಸಿದ. ಅದಕ್ಕೆ "ಲಾಗ್", ಅಂದರೆ ದಿಮ್ಮಿ ಎಂದೇ ಹೆಸರು. ಧ್ವನಿ ಚೆನ್ನಾಗಿತ್ತು, ಆದರೆ ತೊಲೆ ಹಿಡಿದು ನುಡಿಸಿದರೆ ಜನ ಮೆಚ್ಚಲಿಲ್ಲವಂತೆ. ಆಗ ಒಂದು ಹಳೆಯ ಗಿಟಾರನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ತೊಲೆಯ ಎಡಬಲಕ್ಕೆ ರೆಕ್ಕೆಯ ಹಾಗೆ ಸಿಕ್ಕಿಸಿದ. ಧ್ವನಿ ಬರುತ್ತಿದ್ದದ್ದು ಅದೇ ತೊಲೆಯಿಂದ. ಜನ ಈಗ ಚಪ್ಪಾಳೆ ತಟ್ಟಿದರು. ಜನ ಕಣ್ಣಿನಿಂದಲೂ ಕೇಳುತ್ತಾರೆ ಎಂಬುದನ್ನು ತಾನು ಅಂದು ಕಲಿತೆ ಎಂಬರ್ಥದಲ್ಲಿ ಲೆಸ್ ಪಾಲ್ ಈ ಕಥೆಯನ್ನು ಹೇಳಿಕೊಳ್ಳುತ್ತಿದ್ದ.

1952ರಲ್ಲಿ ಗಿಬ್ಸನ್ ಕಂಪನಿ ಅವನ ಹೆಸರಿನಲ್ಲಿ ಗಟ್ಟಿ ಮೈಯ ಗಿಟಾರ್ ತಂದಿತು. ಮಹಾಗನಿಯ ಮೈ, ಅದರ ಮೇಲೆ ಮೇಪಲ್ ಹಲಗೆ. ಆದರೆ ಆ ಮೇಪಲ್ ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಅದರ ಮೇಲೆ ಬಂಗಾರದ ಬಣ್ಣ ಬಳಿದಿದ್ದರು. ಮಾರಾಟ ಇಳಿಯತೊಡಗಿದಾಗ 1958ರಲ್ಲಿ ಬಂಗಾರದ ಬಣ್ಣ ಬಿಟ್ಟು, ಅಂಚಿಗೆ ಕೆಂಪು, ನಡುವೆ ಹಳದಿ ಬರುವ ಪಾರದರ್ಶಕ ಬಣ್ಣ ಹಾಕಿದರು. ಸನ್‌ಬರ್ಸ್ಟ್ ಎಂದರೆ ಇದೇ. ಒಂದೇ ಹಲಗೆಯನ್ನು ನಡುವೆ ಸೀಳಿ, ಪುಸ್ತಕ ಬಿಡಿಸಿದ ಹಾಗೆ ಎರಡೂ ಮಗ್ಗುಲು ಜೋಡಿಸಿದರು. ಮೊದಲ ಸಲ ಈ ಗಿಟಾರಿನ ಮುಖದಲ್ಲಿ ಮರದ ಅಲೆ ಕಾಣಿಸಿಕೊಂಡಿತು.

ಇಲ್ಲಿ ಒಂದು ತಮಾಷೆ ಇದೆ. ಆಗ ಕಾರ್ಖಾನೆಯವರು ಅಲೆ ನೋಡಿ ಬೆಲೆ ಕಟ್ಟಲಿಲ್ಲ. ಒಂದು ಗಿಟಾರಿನ ಮುಖದಲ್ಲಿ ಭಾರೀ ಜ್ವಾಲೆ, ಇನ್ನೊಂದರದ್ದು ಬೋಳು ಹಲಗೆ, ಬೆಲೆ ಮಾತ್ರ ಒಂದೇ. ಮುನ್ನೂರು ಡಾಲರಿಗೂ ಕಡಿಮೆ. ಆದರೂ ಹೆಚ್ಚು ಮಾರಾಟವಾಗಲಿಲ್ಲ. 1960ರಲ್ಲಿ ಅದನ್ನು ನಿಲ್ಲಿಸಿ, ಮರುವರ್ಷ ತೆಳ್ಳನೆಯ ಬೇರೆ ಮಾದರಿ ತಂದರು. ಎರಡು ಸಾವಿರಕ್ಕೂ ಕಡಿಮೆ ಸಂಖ್ಯೆಯ ಸನ್‌ಬರ್ಸ್ಟ್‌ಗಳು ಹಳೆಯ ವಾದ್ಯದ ಅಂಗಡಿ ಸೇರಿದವು. ಅಲ್ಲಿಂದ ಅವನ್ನು ಎತ್ತಿಕೊಂಡವರು ಇಂಗ್ಲೆಂಡಿನ ಯುವಕರು. 1966ರಲ್ಲಿ ಎರಿಕ್ ಕ್ಲಾಪ್ಟನ್ ಅಂಥದ್ದೊಂದರಿಂದ ನುಡಿಸಿದ ದಾಖಲೆ ಹೊರಬಂದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. 1968ರಲ್ಲಿ ಗಿಬ್ಸನ್ ಲೆಸ್ ಪಾಲ್ ಮಾದರಿಯನ್ನು ಮತ್ತೆ ಶುರು ಮಾಡಿತು. ಇಂದು ಆ ಹಳೆಯ ಸನ್‌ಬರ್ಸ್ಟ್‌ಗೆ ಲಕ್ಷಾಂತರ ಡಾಲರ್ ಬೆಲೆ. ಅಲೆ ಜೋರಾಗಿದ್ದಷ್ಟೂ ಬೆಲೆ ಜೋರು.

1985ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಪಾಲ್ ರೀಡ್ ಸ್ಮಿತ್ ತನ್ನ ಕಂಪನಿ ತೆರೆದಾಗ ಅಲೆಯೇ ಅದರ ಗುರುತಾಯಿತು. ಬಹಳ ಚೆಂದದ ಹಲಗೆಗೆ "10 ಟಾಪ್" ಎಂಬ ದರ್ಜೆ, ಅದಕ್ಕೆ ಹೆಚ್ಚಿನ ಬೆಲೆ. 1958ರಲ್ಲಿ ಅದೃಷ್ಟವಾಗಿದ್ದದ್ದು ಈಗ ದರಪಟ್ಟಿಯ ಒಂದು ಸಾಲಾಯಿತು. ದರ ಬಂದ ಮೇಲೆ ಅಗ್ಗದ ದಾರಿಯೂ ಬರಬೇಕಲ್ಲ? ಅರ್ಧ ಮಿಲಿಮೀಟರಿನ ತೆಳು ಪದರ ಅಂಟಿಸುವುದು ಬಂತು. 1990ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ಕೆಲವು ಫೆಂಡರ್ ಗಿಟಾರುಗಳಿಗೆ ಅಲೆಯ ಚಿತ್ರವನ್ನೇ ಮುದ್ರಿಸಿ, "ಫೋಟೋ ಫ್ಲೇಮ್" ಎಂದು ಹೆಸರಿಟ್ಟೇ ಮಾರಿದರು. ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ. ಹೇಳದೆ ಮಾರಿದಾಗ ನನ್ನಂಥವನು ಕೊಳ್ಳುತ್ತಾನೆ.

ಹೀಗೆ ಈ ಇತಿಹಾಸದ ಸಾರ ಇಷ್ಟು. ವಾದ್ಯದ ಮುಖ ದುಡಿಯುತ್ತಿದ್ದಷ್ಟು ಕಾಲ ಅದು ಸಾದಾ ಇತ್ತು. ಪಿಕಪ್ ಆ ಕೆಲಸ ವಹಿಸಿಕೊಂಡ ಮೇಲೆ ಮುಖಕ್ಕೆ ಬಿಡುವು ಸಿಕ್ಕಿತು, ಅದು ಸಿಂಗಾರ ಮಾಡಿಕೊಂಡಿತು.

ಹಾಗಾದರೆ ಧ್ವನಿ?

ಹುಡುಗನ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಒಬ್ಬನೇ ಕುಶಲಕರ್ಮಿಯಿಂದ ಆರು ಅಕೌಸ್ಟಿಕ್ ಗಿಟಾರ್ ಮಾಡಿಸಿದರು. ಎಲ್ಲ ಒಂದೇ ತರಹ, ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ದುಬಾರಿ ಬ್ರೆಜಿಲಿಯನ್ ಬೀಟೆಯಿಂದ ಹಿಡಿದು ಅಗ್ಗದ ಮರದವರೆಗೆ. 52 ವಾದಕರು ಮರ ಕಾಣದ ಹಾಗೆ ನುಡಿಸಿ ಅಂಕ ಕೊಟ್ಟರು. ಆರಕ್ಕೂ ಹೆಚ್ಚು ಕಡಿಮೆ ಒಂದೇ ಅಂಕ ಬಂತು. ಮೈಯೇ ಧ್ವನಿ ಮಾಡುವ ಅಕೌಸ್ಟಿಕ್ ಗಿಟಾರಿನಲ್ಲೇ ಬೆನ್ನಿನ ಮರ ಇಷ್ಟು ಕಡಿಮೆ ವ್ಯತ್ಯಾಸ ಮಾಡಿದರೆ, ಪಿಕಪ್ಪಿನಿಂದ ಧ್ವನಿ ತೆಗೆಯುವ ಗಿಟಾರಿನಲ್ಲಿ ಮುಖದ ಅಲೆಯಿಂದ ಎಷ್ಟು ನಿರೀಕ್ಷಿಸಬಹುದು? ಅದರ ಧ್ವನಿಗೆ ಹೆಚ್ಚು ಮುಖ್ಯವಾದದ್ದು ಪಿಕಪ್, ತಂತಿ, ಶ್ರುತಿ ನಿಲ್ಲಿಸುವ ಕೀಲಿ, ಆಂಪ್ಲಿಫೈಯರ್, ಎಲ್ಲಕ್ಕಿಂತ ಮೇಲೆ ಬೆರಳು.

ಹಾಗೆಂದು ಅಲೆ ಇಷ್ಟಪಡುವುದು ತಪ್ಪಲ್ಲ. ಚೆಂದದ ವಾದ್ಯ ಕೈಗೆತ್ತಿಕೊಂಡವನು ಹೆಚ್ಚು ಹೊತ್ತು ನುಡಿಸುತ್ತಾನೆ, ಅದೂ ಒಂದು ಲಾಭ. ಆದರೆ ಆ ಹಣ ಕಣ್ಣಿಗಾಗಿ ಕೊಟ್ಟದ್ದು, ಕಿವಿಗಾಗಿ ಅಲ್ಲ ಎಂದು ತಿಳಿದು ಕೊಡಬೇಕು.

ಬೆಲೆ ಕೊಟ್ಟವರು ಯಾರು

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಓದುತ್ತ ಹೋದ ಹಾಗೆ ಅಲೆಯ ಬೆಲೆಯನ್ನು ಕೊಳ್ಳುವವನೊಬ್ಬನೇ ಕೊಡುವುದಿಲ್ಲ ಎಂದು ಗೊತ್ತಾಯಿತು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಅರಣ್ಯದಲ್ಲಿ ದೊಡ್ಡೆಲೆಯ ಮೇಪಲ್ ಮರಗಳಿವೆ. ಕೆಲವೇ ಮರಗಳಲ್ಲಿ ಅಲೆ ಇರುತ್ತದೆ. ಅದನ್ನು ವಾದ್ಯ ಮಾಡುವವರಿಗೆ ಮಾರಲು ಕಳ್ಳರು ರಾತ್ರಿ ಮರ ಕಡಿಯುತ್ತಾರೆ. 2018ರ ಆಗಸ್ಟಿನಲ್ಲಿ ಅಂಥ ಕಳ್ಳರು ಮರದ ಬುಡದಲ್ಲಿದ್ದ ಕಣಜದ ಗೂಡನ್ನು ಸುಡಲು ಬೆಂಕಿ ಹಚ್ಚಿದರು. ಆ ಬೆಂಕಿ ಸುಮಾರು 3,300 ಎಕರೆ ಕಾಡನ್ನು ತಿಂದಿತು. 2021ರಲ್ಲಿ ವಿಚಾರಣೆ ನಡೆದಾಗ ಕದ್ದ ಹಲಗೆ ಮತ್ತು ಕಾಡಿನ ಬೊಡ್ಡೆಯ ಡಿಎನ್ಎ ಹೋಲಿಸಿ ಕಳವನ್ನು ಸಾಬೀತು ಮಾಡಿದರು.

ನಮ್ಮ ಮಗ್ಗುಲಿನ ಕಥೆ ಇನ್ನೂ ನೋವಿನದು. ಆಂಧ್ರದ ಕಡಪ, ಚಿತ್ತೂರು ಕಡೆಯ ಬೆಟ್ಟಗಳಲ್ಲಿ ರಕ್ತಚಂದನ ಬೆಳೆಯುತ್ತದೆ. ಅದರಲ್ಲೂ ನಾರು ಅಲೆಯಾಗಿರುವ ಮರಕ್ಕೆ ಎಲ್ಲಿಲ್ಲದ ಬೆಲೆ. ಜಪಾನಿನ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದ ಅತ್ಯುತ್ತಮ ಕತ್ತನ್ನು ಇದೇ ಮರದಿಂದ ಮಾಡುತ್ತ ಬಂದಿದ್ದಾರೆ. ಕತ್ತಿನಲ್ಲಿ ಅಲೆ ಮಿನುಗಿದರೆ ಅದು ಮೇಲ್ದರ್ಜೆ. ಮರದ ಸಂಖ್ಯೆ ಕುಸಿದದ್ದರಿಂದ 1995ರಲ್ಲಿ ಅದನ್ನು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು. ಕಳ್ಳಸಾಗಣೆ ನಿಲ್ಲಲಿಲ್ಲ. ಮರ ಕಡಿಯಲು ಹೋಗುವವರು ಲಾಭ ಎಣಿಸುವವರಲ್ಲ, ಕೂಲಿ ಹುಡುಕಿ ಹೋದ ಬಡವರು. 2015ರ ಏಪ್ರಿಲ್ 7ರಂದು ಶೇಷಾಚಲಂ ಕಾಡಿನಲ್ಲಿ ಪೊಲೀಸರ ಗುಂಡಿಗೆ ತಮಿಳುನಾಡಿನ 20 ಮಂದಿ ಸತ್ತರು. ಗ್ಯಾಂಗಿನಲ್ಲಿ ಪರ ಊರಿಗೆ ದುಡಿಯಲು ಹೋಗುವುದು ನಮಗೆ ಗೊತ್ತಿಲ್ಲದ ವಿಷಯವಲ್ಲ. ಆ ಸುದ್ದಿ ಓದುವಾಗ ನಮ್ಮೂರ ಮನೆಗಳೇ ಕಣ್ಣೆದುರು ಬಂದವು.

ಬೈಬಲಿನ 1 ಅರಸುಗಳು ಗ್ರಂಥದ 10ನೇ ಅಧ್ಯಾಯದಲ್ಲಿ, ಸೊಲೊಮೋನನಿಗೆ ಓಫೀರಿನಿಂದ ಹಡಗಿನಲ್ಲಿ ಅಪರೂಪದ ಮರ ಬಂದದ್ದು, ಅದರಿಂದ ಅವನು ಗಾಯಕರಿಗೆ ತಂತಿವಾದ್ಯ ಮಾಡಿಸಿದ್ದು ನೀವು ಓದಿರಬಹುದು. ಹೀಬ್ರೂ ಮೂಲದಲ್ಲಿ ಅದರ ಹೆಸರು ಅಲ್ಮುಗ್. ಅದು ರಕ್ತಚಂದನವೇ ಇರಬೇಕೆಂದು ಹಲವು ವಿದ್ವಾಂಸರು ಹೇಳುತ್ತಾರೆ. ದೂರದ ಮರದಿಂದ ಹತ್ತಿರದ ಹಾಡು ಮಾಡುವ ಆಸೆ ಅಷ್ಟು ಹಳೆಯದು.

ಗಿಟಾರಿನ ಕತ್ತಿನ ಮೇಲೆ ಬೆರಳಿಡುವ ಕಂದು ಪಟ್ಟಿಯಲ್ಲೂ ನಮ್ಮ ಕಡೆಯ ಕಾಡು ಇರಬಹುದು. ಬೀಟೆ ಮರ ಪಶ್ಚಿಮ ಘಟ್ಟದ್ದು. ಬ್ರೆಜಿಲ್ ತನ್ನ ಬೀಟೆ ದಿಮ್ಮಿಗಳ ರಫ್ತು ನಿರ್ಬಂಧಿಸಿದ ಮೇಲೆ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ತಿರುಗಿತು. ಉಳಿದವರೂ ಹಿಂಬಾಲಿಸಿದರು. 2017ರಿಂದ ಬೀಟೆಯ ಇಡೀ ಕುಲ ಸೈಟಿಸ್ ನಿಯಮದಡಿ ಬಂತು. ತಯಾರಾದ ವಾದ್ಯಗಳಿಗೆ 2019ರಲ್ಲಿ ಅದರಿಂದ ವಿನಾಯಿತಿ ಸಿಕ್ಕಿತು.

ಅಂಗಡಿಯಲ್ಲಿ ಆದದ್ದು

ಇಷ್ಟೆಲ್ಲ ಓದಿಕೊಂಡು ನಾನೂ ಹುಡುಗನೂ ಅಂಗಡಿಗೆ ಹೋದೆವು. ಹೋಗುವಾಗ ಬಸ್ಸಿನಲ್ಲಿ ಅವನಿಗೆ ನಾಲ್ಕು ವಿಷಯ ಹೇಳಿದೆ. ನೀವೂ ಇಟ್ಟುಕೊಳ್ಳಿ, ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ.

ಒಂದು, ಗಿಟಾರನ್ನು ಬೆಳಕಿನ ಕೆಳಗೆ ವಾಲಿಸಿ ನೋಡು. ಅಲೆ ಚಲಿಸಿದರೆ ಮರ, ಒಂದೇ ಕಡೆ ನಿಂತರೆ ಚಿತ್ರ.

ಎರಡು, ಅಂಚು ನೋಡು. ಮುಖದ ಮೇಲಿನ ಎಳೆ ಅಂಚಿನಲ್ಲಿ ಕೆಳಗಿಳಿದರೆ ಅದು ದಪ್ಪ ಹಲಗೆ. ಅಂಚಿಗೆ ಬಂದು ಕಾಗದದ ಹಾಗೆ ನಿಂತರೆ ತೆಳು ಪದರ. ಪದರವಾದರೂ ನಿಜವಾದ ಮರವೇ, ಆದರೆ ಪದರದ ಬೆಲೆ ಮಾತ್ರ ಕೊಡಬೇಕು.

ಮೂರು, ನಡುಗೆರೆ ನೋಡು. ಒಂದೇ ಹಲಗೆ ಸೀಳಿ ಜೋಡಿಸಿದ್ದರೆ ಎಡಬಲದ ಎಳೆಗಳು ಕನ್ನಡಿಯಲ್ಲಿ ಕಂಡ ಹಾಗೆ ಹೊಂದುತ್ತವೆ. ಬಿರುಕು, ಗಂಟು ಇರಬಾರದು.

ನಾಲ್ಕು, ಮುಖ ನೋಡುವ ಮೊದಲು ಕಣ್ಣು ಮುಚ್ಚಿಕೊಂಡು ನುಡಿಸು.

ಹುಡುಗ ಮೊದಲು ಹುಲಿಪಟ್ಟೆಯದ್ದನ್ನೇ ಕೈಗೆತ್ತಿಕೊಂಡ. ನಾನು ಏನೂ ಹೇಳಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ನಿಂತು ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ. ಮೇಲಿನ ಪಾಲಿಶ್ ಹೊಳೆಯಿತು, ಗೆರೆಗಳು ಮಾತ್ರ ಅಲುಗಾಡಲಿಲ್ಲ. ಇನ್ನೊಮ್ಮೆ ವಾಲಿಸಿದ. ಆಮೇಲೆ ಅದನ್ನು ನಿಧಾನಕ್ಕೆ ಅದರ ಜಾಗದಲ್ಲಿ ನೇತುಹಾಕಿ, "ಆ ಕರಿದು ಕೊಡ್ರಿ" ಅಂದ. ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡು ನುಡಿಸಿದ. ಮುಖದಲ್ಲಿ ನಗು ಬಂತು.

ಕಪ್ಪು ಗಿಟಾರ್ ತಂದೆವು. ಉಳಿದ ಹಣದಲ್ಲಿ ಒಳ್ಳೆಯ ಕೇಬಲ್, ಎರಡು ಸೆಟ್ ತಂತಿ ಬಂದವು. ಕಬ್ಬಿನ ಎರಡು ಸಾವಿರ ಅವನ ಕಿಸೆಯಲ್ಲೇ ಉಳಿಯಿತು. ಆ ದುಡ್ಡಿನಲ್ಲಿ ತಂಗಿಗೆ ಶಾಲೆಯ ಪುಸ್ತಕ, ಚೀಲ ತಂದನೆಂದು ಆಮೇಲೆ ಅವರ ಅವ್ವ ಹೇಳಿದರು.

ಅವನ ಆಸೆ ಇನ್ನೂ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಬಡಿಗೇರ ಕಾಕಾನ ಅಟ್ಟದ ಮೇಲೆ ಆ ಮಾವಿನ ಕವಲಿನ ತುಂಡು ಒಣಗುತ್ತಿದೆ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ನೆರಳಿನಲ್ಲಿ ಒಣಗಬೇಕು ಎನ್ನುವುದು ಹಳೆಯ ಲೆಕ್ಕ. ತಾನಾಗಿ ಬಿದ್ದ ಮರ, ಯಾರ ಕಾಡಿನಿಂದ ಕದ್ದದ್ದೂ ಅಲ್ಲ. ಒಣಗಿದ ಮೇಲೆ ಅದನ್ನು ಸೀಳಿ, ಪುಸ್ತಕದ ಹಾಗೆ ಬಿಡಿಸಿ, ಕಪ್ಪು ಗಿಟಾರಿನ ಮೇಲೆ ಕೂರಿಸಬಹುದೋ ಏನೋ ನೋಡೋಣ ಎಂದಿದ್ದಾರೆ ಕಾಕಾ. ಹುಡುಗ ವಾರಕ್ಕೊಮ್ಮೆ ಹೋಗಿ ಅದಕ್ಕೆ ನೀರು ಸವರಿ ಅಲೆ ನೋಡಿ ಬರುತ್ತಾನಂತೆ. ಹಾಗೆ ದಿನಾ ನೀರು ಹಚ್ಚಿದರೆ ಅದು ಒಣಗುವುದು ಯಾವಾಗ ಎಂದು ಕಾಕಾ ಬೈಯುತ್ತಾರೆ.

ಬರುವ ಭಾನುವಾರ ಬಲಿಪೂಜೆಗೆ ಸ್ವಲ್ಪ ಮೊದಲೇ ಬನ್ನಿ. ನೀವು ಕೊಟ್ಟ ಹಣದ ಧ್ವನಿ ಹೇಗಿದೆ, ಕೇಳಿ ಹೇಳಿ.